ಮದುವೆ ವಿಡಿಯೋದಿಂದ ಡಾಕ್ಯುಮೆಂಟರಿಗೆ: ಸ್ಟುಡಿಯೋ ಮುಚ್ಚಬೇಕಾ?

ಪ್ರಶ್ನೆ: ನಾನು ತಿಪಟೂರು ಕಡೆಯವನು. ವಯಸ್ಸು 29. ಒಂಬತ್ತು ವರ್ಷದಿಂದ ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೋ ಮಾಡುತ್ತಿದ್ದೇನೆ. ಸ್ವಂತ ಸ್ಟುಡಿಯೋ ಇದೆ. ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಲೆನ್ಸ್, ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಗಿಂಬಲ್, ಡ್ರೋನ್ ಇವೆ. ಬೆಂಗಳೂರಿನ ನಿರ್ದೇಶಕಿಯೊಬ್ಬರು ನಮ್ಮ ಕಡೆಯ ಕೊಬ್ಬರಿ ಬೆಳೆಗಾರರ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದಾರೆ. ಕ್ಯಾಮೆರಾ ಕೆಲಸ ನೀವೇ ಮಾಡಿ ಅಂದಿದ್ದಾರೆ. ಒಂದು ವರ್ಷ ಆಗಾಗ ಶೂಟಿಂಗ್ ಇರುತ್ತದಂತೆ. ದಿನಕ್ಕೆ ಕೊಡುವ ದುಡ್ಡು ಮದುವೆಗಿಂತ ಕಡಿಮೆ. ನನಗೆ ಆಸೆ ಬಹಳ ಇದೆ. ಆದರೆ ನಾನು ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿಲ್ಲ. ಸಿನಿಮಾ ಕ್ಯಾಮೆರಾ ತಗೊಳ್ಳಬೇಕಾದರೆ ಸಾಲ ಮಾಡಬೇಕು. ಕಾಡುಪ್ರಾಣಿ ಶೂಟ್ ಮಾಡುವವರಿಗೆ ಬಿಟ್ಟರೆ ಈ ಲೈನಲ್ಲಿ ಬೇರೆಯವರಿಗೆ ಊಟ ಇಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ಅಭ್ಯಾಸಕ್ಕೆ ಅಂತ ಪಕ್ಕದ ತೋಟದವರನ್ನು ಮಾತಾಡಿಸಿದೆ. ಕ್ಯಾಮೆರಾ ಕಂಡ ಕೂಡಲೇ ಅವರು ಭಾಷಣ ಶುರು ಮಾಡಿದರು. ಅಪ್ಪ, ‘ನಡೆಯುತ್ತಿರೋ ಅಂಗಡಿ ಬಿಡಬೇಡ’ ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಅವುಗಳ ಕೆಳಗಿರುವ ಭಯ ಒಂದೇ. ‘ಇಷ್ಟು ವರ್ಷ ಮಾಡಿದ್ದು ಬೇರೆ ಕೆಲಸ, ಇದು ಬೇರೆ ಕೆಲಸ, ನಾನು ಮೊದಲಿಂದ ಶುರು ಮಾಡಬೇಕಾ?’ ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ.

ಬೇಡ. ಡಾಕ್ಯುಮೆಂಟರಿ ಕ್ಯಾಮೆರಾದವರಿಗೆ ಕಲಿಸಲು ಬಹಳ ಕಷ್ಟವಾಗುವ ವಿಷಯ ಒಂದಿದೆ. ಇನ್ನೊಮ್ಮೆ ಮಾಡಿ ಅಂತ ಕೇಳಲು ಆಗದ ಕ್ಷಣವನ್ನು ತಪ್ಪದೆ ಹಿಡಿಯುವುದು. ಗಟ್ಟಿಮೇಳ ಶುರುವಾದಾಗ ಪುರೋಹಿತರು ಅಡ್ಡ, ನೆಂಟರ ಕೈಯಲ್ಲಿ ಹತ್ತು ಮೊಬೈಲು, ಮೇಲಿಂದ ಅಕ್ಷತೆ, ಎದುರಿಗೆ ಬಣ್ಣಬಣ್ಣದ ಎಲ್‌ಇಡಿ. ಆ ಗದ್ದಲದಲ್ಲಿ ತಾಳಿ ಕಟ್ಟುವುದನ್ನು ಫೋಕಸ್ ತಪ್ಪದೆ ಹಿಡಿದವರಿಗೆ, ಎಲ್ಲಿ ನಿಂತರೆ ಏನು ಕಾಣುತ್ತದೆ ಅನ್ನುವುದು ಮೈಗೆ ಹತ್ತಿರುತ್ತದೆ. ಸಿನಿಮಾ ಸೆಟ್‌ನಿಂದ ಬಂದ ಒಳ್ಳೊಳ್ಳೆಯ ಕ್ಯಾಮೆರಾಮನ್‌ಗಳು ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ. ಲೈಟ್ ಸರಿಯಾಗುವವರೆಗೆ ಅವರಿಗೆ ಕೈ ಏಳುವುದಿಲ್ಲ.

ನಿಮಗೆ ಕಮ್ಮಿ ಇರುವುದು ಬೇರೆ. ಮದುವೆಯಲ್ಲಿ ಮುಂದೆ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಧಾರೆ ಆದ ಮೇಲೆ ಸಪ್ತಪದಿ, ಆಮೇಲೆ ಊಟ. ಅಲ್ಲಿ ಎಲ್ಲರೂ ಚೆನ್ನಾಗಿ ಕಾಣಬೇಕು. ಡಾಕ್ಯುಮೆಂಟರಿಯಲ್ಲಿ ಮುಂದೇನು ಅಂತ ಯಾರಿಗೂ ಗೊತ್ತಿರುವುದಿಲ್ಲ, ನಿರ್ದೇಶಕರಿಗೂ. ಅರ್ಧ ದಿನ ಏನೂ ನಡೆಯದೆ ಹೋಗಬಹುದು. ಆಗ ಸುಮ್ನೆ ಕಾಯಲು ಬರಬೇಕು. ಮಾತು ಕೇಳಿಸಿಕೊಳ್ಳುತ್ತಾ ಕ್ಯಾಮೆರಾ ನಡೆಸಲು ಬರಬೇಕು. ಎಡಿಟಿಂಗ್‌ಗೆ ಏನು ಬೇಕು ಅಂತ ಶೂಟ್ ಮಾಡುವಾಗಲೇ ತಲೆಯಲ್ಲಿರಬೇಕು. ಈ ಮೂರನ್ನು ಮಾಡುತ್ತಾ ಮಾಡುತ್ತಾ ಕಲಿಯಬಹುದು.

ನಿಮ್ಮ ಊರಿನ ಕೆಲಸವನ್ನೇ ತಗೊಳ್ಳಿ. ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಆಗಿದೆಯಾ ಅಂತ ನೋಡಲು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಅಂದರೆ ಆಯಿತು. ಮದುವೆ ಕಣ್ಣಿಗೆ ಇಲ್ಲಿ ಮೊದಲು ಕಾಣುವುದು ಅಟ್ಟದ ತುಂಬಾ ಹರಡಿದ ಕಾಯಿ, ಅದರ ಮೇಲೆ ಗಿಂಬಲ್‌ನಲ್ಲಿ ತೇಲಿಕೊಂಡು ಹೋಗುವ ಶಾಟು. ಅದೊಂದು ಇರಲಿ. ಆದರೆ ಎಡಿಟರ್‌ಗೆ ಬೇಕಾಗುವುದು ಅಲ್ಲಾಡಿಸುವ ಆ ಕೈ, ತಲೆ ವಾಲಿಸಿ ಕೇಳುವ ಆ ಮುಖ, ‘ಇನ್ನೂ ಆಗಿಲ್ಲ’ ಅಂತ ಕಾಯಿಯನ್ನು ವಾಪಸ್ ಇಡುವ ಗಳಿಗೆ. ಪ್ರತಿ ಶಾಟನ್ನೂ ಕನಿಷ್ಠ ಹತ್ತು ಸೆಕೆಂಡು ಅಲುಗಾಡದೆ ಹಿಡಿಯಿರಿ. ಮುಖ್ಯವಾಗಿ ಆ ಗಡಗಡ ಸದ್ದು ಹತ್ತಿರದಿಂದ, ಸ್ವಚ್ಛವಾಗಿ ಬೇಕು. ಅದಿಲ್ಲದಿದ್ದರೆ ಆ ಮುಖ ಏನು ಕೇಳುತ್ತಿದೆ ಅಂತ ತಿಪಟೂರು ನೋಡದವರಿಗೆ ಅರ್ಥವೇ ಆಗುವುದಿಲ್ಲ.

ಇನ್ನೊಂದು ಗಮನಿಸಿ. ನಿರ್ದೇಶಕಿ ಒಂದು ವರ್ಷ ಕೇಳಿದ್ದಾರೆ. ಕಾಯಿಯೂ ಹೆಚ್ಚೂಕಡಿಮೆ ಅಷ್ಟೇ ಕಾಲ ಅಟ್ಟದಲ್ಲಿರುತ್ತದೆ. ಹಾಗಾಗಿ ಮೊದಲ ದಿನವೇ ಅಟ್ಟದ ಒಂದು ಮೂಲೆ ಗುರುತು ಮಾಡಿ. ಟ್ರೈಪಾಡಿನ ಮೂರು ಕಾಲು ಎಲ್ಲಿತ್ತು ಅಂತ ಬಣ್ಣದಲ್ಲಿ ಚುಕ್ಕೆ ಇಡಿ. ಲೆನ್ಸ್ ಎಷ್ಟರಲ್ಲಿತ್ತು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಅಂತ ಡೈರಿಯಲ್ಲಿ ಬರೆದುಕೊಳ್ಳಿ, ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ಪ್ರತಿ ಸಲ ಹೋದಾಗಲೂ ಅದೇ ಫ್ರೇಮ್ ಮತ್ತೆ ತೆಗೆಯಿರಿ. ಕಾಯಿ ಬಣ್ಣ ತಿರುಗುವುದು ಪರದೆ ಮೇಲೆ ಕಾಣಬೇಕಾದರೆ ಬೇರೆ ದಾರಿ ಇಲ್ಲ. ಬೆಂಗಳೂರಿಂದ ಬಂದು ಹೋಗುವ ಕ್ಯಾಮೆರಾಮನ್‌ಗೆ ಇದು ಕಷ್ಟ. ಸೈಕಲ್ ದೂರದಲ್ಲಿರುವ ನಿಮಗೆ ಸುಲಭ. ನಿಮ್ಮನ್ನು ಕರೆದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಡಾಕ್ಯುಮೆಂಟರಿ ಅಂದರೆ ಹುಲಿ, ಆನೆ ಅಂತ ಜನ ಅಂದುಕೊಳ್ಳುವುದು ಸಹಜ. ಟಿವಿಯಲ್ಲಿ ಜಾಸ್ತಿ ಕಂಡಿದ್ದು ಅದನ್ನೇ. ಬಂಡೀಪುರದ ಸುತ್ತ ಕೆನ್ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಕೃಪಾಕರ–ಸೇನಾನಿ ಅವರ ಹೆಸರು ಕನ್ನಡದಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಕಾಡಿನ ಕೆಲಸ ಈ ವೃತ್ತಿಯ ಒಂದು ಸಣ್ಣ ತುಂಡು. ಅದಕ್ಕೆ ಬೇಕಾದ ಸಮಯ, ಲೆನ್ಸ್‌ಗಳ ಬೆಲೆ, ಅನುಮತಿ ಎಲ್ಲವೂ ಬೇರೆಯೇ. ನಮ್ಮಲ್ಲಿ ಹೆಚ್ಚಿನವರ ಊಟ ಬರುವುದು ಬೇರೆ ಕಡೆಯಿಂದ. ಸಂಘಸಂಸ್ಥೆಗಳು ತಮ್ಮ ಕೆಲಸ ತೋರಿಸಲು ಮಾಡಿಸುವ ಚಿತ್ರಗಳು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಚಿತ್ರಗಳು, ವಯಸ್ಸಾದ ಕಲಾವಿದರ ದಾಖಲೆ, ಕೃಷಿ ಮತ್ತು ಆರೋಗ್ಯ ಇಲಾಖೆಗಳ ಕೆಲಸ, ಹೊರದೇಶದ ಚಾನೆಲ್ಲಿನವರು ಇಲ್ಲಿಗೆ ಬಂದಾಗ ಬೇಕಾಗುವ ಸ್ಥಳೀಯ ಕ್ಯಾಮೆರಾ, ಓಟಿಟಿಗೆ ಮಾಡುವ ಅಪರಾಧ ಕಥನಗಳು. ಇದರ ನಡುವೆ ಮನಸ್ಸಿಟ್ಟು ಮಾಡುವ ಸ್ವತಂತ್ರ ಚಿತ್ರ ಒಂದೋ ಎರಡೋ. ನಿಮಗೆ ಬಂದಿರುವುದು ಆ ಕೊನೆಯ ಜಾತಿಯದ್ದು ಅನಿಸುತ್ತದೆ. ಅದಕ್ಕೇ ದುಡ್ಡು ಕಡಿಮೆ.

ಕೆಲಸವೂ ಬರೀ ಶೂಟಿಂಗ್ ಅಲ್ಲ. ಒಂದು ದಿನ ಹೀಗಿರುತ್ತದೆ: ಬೆಳಗ್ಗೆ ಆರಕ್ಕೆ ತೋಟದಲ್ಲಿ ಕಾಯಿ ಕೀಳುವವರ ಹಿಂದೆ ಓಟ. ಹನ್ನೊಂದಕ್ಕೆ ಎಪಿಎಂಸಿ ಅಂಗಳದಲ್ಲಿ ಕೊಬ್ಬರಿ ಹರಾಜು, ಅಲ್ಲಿ ಯಾರಿಗೂ ಅಡ್ಡ ಬರಬಾರದು. ಮಧ್ಯಾಹ್ನ ಕೂತು ಮಾತಾಡಿಸುವ ಸಂದರ್ಶನ, ಅದಕ್ಕೆ ಕಿಟಕಿ ಬೆಳಕು ನೋಡಿ ಕುರ್ಚಿ ಇಡಬೇಕು, ಫ್ಯಾನ್ ಆರಿಸಬೇಕು, ಫ್ರಿಜ್ ಆರಿಸಬೇಕು, ಹೋಗುವಾಗ ನೆನಪಿಟ್ಟು ಮತ್ತೆ ಹಾಕಬೇಕು. ಸಂಜೆ ಮನೆಯವರು ಟ್ರಂಕಿನಿಂದ ತೆಗೆದ ಹಳೇ ಫೋಟೋ, ಪಹಣಿ, ಸಾಲದ ಪತ್ರಗಳನ್ನು ನೆರಳು ಬೀಳದ ಹಾಗೆ ತೆಗೆಯಬೇಕು. ರಾತ್ರಿ ಕಾರ್ಡು ಖಾಲಿ ಮಾಡಿ, ಫೈಲ್‌ಗಳನ್ನು ತೆರೆದು ನೋಡಿ, ಎರಡು ಹಾರ್ಡ್ ಡಿಸ್ಕಿಗೆ ಕಾಪಿ. ಎರಡನ್ನೂ ಒಂದೇ ಬ್ಯಾಗಲ್ಲಿ ಇಡಬೇಡಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ವಿಡಿಯೋ ತೆಗೆದರೆ ಗಂಟೆಗೆ ಸುಮಾರು 45 ಜಿಬಿ ಆಗುತ್ತದೆ. ಒಂದು ವರ್ಷದ ಚಿತ್ರಕ್ಕೆ ಡಿಸ್ಕಿನ ಖರ್ಚೇ ದೊಡ್ಡದು. ಅದು ನಿಮ್ಮ ಜೇಬಿನಿಂದ ಹೋಗಬಾರದು, ನಿರ್ಮಾಣದ ಬಜೆಟ್‌ನಲ್ಲೇ ಇರಬೇಕು. ಎಲ್ಲವನ್ನೂ ಶೂಟ್ ಮಾಡುತ್ತಾ ಹೋದರೆ ಸತ್ಯ ತಾನಾಗಿ ಸಿಗುತ್ತದೆ ಅನ್ನುವುದೂ ಒಂದು ತಪ್ಪು ನಂಬಿಕೆ. ಆ ರಾಶಿಯನ್ನು ಕೂತು ನೋಡುವವರು ಯಾರು?

ಕ್ಯಾಮೆರಾಗೆ ಸಾಲ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸಾಲದ ಕಂತು ಕಟ್ಟಲಾಗದೆ ಕ್ಯಾಮೆರಾ ಮಾರಿ ಮತ್ತೆ ಬರಿಗೈಯಾದ ಹುಡುಗರನ್ನು ನಾನು ಕಂಡಿದ್ದೇನೆ. ಕ್ಯಾಮೆರಾ ಬಾಡಿ ಮೂರ್ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ದೊಡ್ಡ ಕ್ಯಾಮೆರಾ ಬೇಕೇಬೇಕಾದ ದಿನಗಳಿಗೆ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ, ಬಾಡಿಗೆ ಕಟ್ಟುವುದು ನಿರ್ಮಾಪಕರ ಕೆಲಸ. ಹತ್ತು ಅಡಿ ಅಗಲದ ಅಡುಗೆಮನೆಯಲ್ಲಿ ನಿಮ್ಮ ಸಣ್ಣ ಮಿರರ್‌ಲೆಸ್ಸೇ ವಾಸಿ. ಜನಕ್ಕೆ ಹೆದರಿಕೆ ಆಗುವುದಿಲ್ಲ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಧ್ವನಿಗೆ ಹಾಕಿ. ಚಿತ್ರ ಸ್ವಲ್ಪ ಕತ್ತಲಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮದುವೆ ವಿಡಿಯೋದಲ್ಲಿ ಹಾಡು ಹಾಕಿ ಮುಚ್ಚಬಹುದು, ಇಲ್ಲಿ ಆಗುವುದಿಲ್ಲ. ಒಂದು ಒಳ್ಳೆಯ ಕಾಲರ್ ಮೈಕು, ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ, ಕ್ಯಾಮೆರಾ ಮೇಲೆ ಕೂರುವ ಒಂದು ಶಾಟ್‌ಗನ್ ಮೈಕು, ಗಾಳಿ ತಡೆಯಲು ಅದಕ್ಕೊಂದು ತುಪ್ಪಳದ ಕವರು, ಕಿವಿ ಮುಚ್ಚುವ ಹೆಡ್‌ಫೋನು. ತೆಂಗಿನ ತೋಟದಲ್ಲಿ ಗಾಳಿ ನಿಲ್ಲುವುದೇ ಇಲ್ಲ, ಗೊತ್ತಲ್ವಾ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿ ಜೋಡಿಸುವಾಗ ಸಂದಿ ತುಂಬಲು ಅದೇ ಬೇಕು.

ಅಟ್ಟದ ಕತ್ತಲಿಗೆ ಹೆದರಿ ದೊಡ್ಡ ಲೈಟ್ ಒಯ್ಯಬೇಡಿ. ಬಿಸಿಯಾಗುವ ಹ್ಯಾಲೋಜನ್ ಅಂತೂ ಬೇಡವೇ ಬೇಡ. ಒಣಗಿದ ಕಾಯಿ, ನಾರು, ಹಳೇ ಮರ ಎಲ್ಲ ಅಲ್ಲಿದೆ. ಗಾಜಿನ ಹೆಂಚಿದ್ದರೆ ಅದರ ಬೆಳಕು ಬೀಳುವ ಜಾಗದಲ್ಲಿ ಒಂದು ಬಿಳಿ ಪಂಚೆ ಹಾಸಿ ನೋಡಿ. ಬೆಳಕು ಮೇಲೆದ್ದು ಮುಖಕ್ಕೆ ಮೆತ್ತಗೆ ಬರುತ್ತದೆ. ಈ ಉಪಾಯಕ್ಕೆ ದೊಡ್ಡ ಪರಂಪರೆ ಇದೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ಲೈಟನ್ನು ಅದಕ್ಕೆ ಬಡಿಸಿ, ಆಕಾಶದ ಬೆಳಕಿನ ಹಾಗೆ ಕೆಳಗಿಳಿಸಿದರು.

ಮಿತ್ರ ಅವರ ಹೆಸರು ಬಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ರಾಯ್ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಗೆ ಮುಂಚೆ ಅವರು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಹಾಗಂತ ಓದು ವ್ಯರ್ಥ ಅನ್ನುತ್ತಿಲ್ಲ. ಛಾಯಾಗ್ರಾಹಕರಲ್ಲಿ ಮೊದಲು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ, ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಓದಿದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಇವತ್ತು ಹೆಸರಘಟ್ಟದಲ್ಲಿ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. 1960ರಲ್ಲಿ ಶುರುವಾದ ಪುಣೆಯ ಸಂಸ್ಥೆ ಇದೆ, ಕೋಲ್ಕತ್ತದ್ದು ಇದೆ. ಅಲ್ಲಿ ಸಿಗುವ ದೊಡ್ಡ ಲಾಭ ಜೊತೆಗಾರರು, ಆಮೇಲೆ ಸಾಲುಸಾಲು ಒಳ್ಳೆಯ ಚಿತ್ರ ನೋಡುವ ಅವಕಾಶ. ಹೆಂಡತಿ ಮಕ್ಕಳು ಇದ್ದರೆ, ಸ್ಟುಡಿಯೋ ನಡೆಯುತ್ತಿದ್ದರೆ, ಮೂರು ವರ್ಷ ಬಿಟ್ಟು ಹೋಗಿ ಅಂತ ನಾನು ಹೇಳುವುದಿಲ್ಲ. ಈ ಒಂದು ವರ್ಷದ ಚಿತ್ರವೇ ನಿಮಗೆ ಶಾಲೆ ಆಗಬಹುದು. ಒಂದು ಷರತ್ತು ಇಟ್ಟುಕೊಳ್ಳಿ: ಎಡಿಟಿಂಗ್ ನಡೆಯುವಾಗ ಒಂದು ವಾರ ಎಡಿಟರ್ ಪಕ್ಕ ಕೂರಲು ಬಿಡಿ ಅಂತ ನಿರ್ದೇಶಕಿಯನ್ನು ಕೇಳಿ. ನಿಮ್ಮ ಯಾವ ಶಾಟ್ ಯಾಕೆ ಬಿಸಾಡಿದರು ಅಂತ ನೋಡಿದರೆ ಬೇಗ ಕಲಿಯುತ್ತೀರಿ.

ಪಕ್ಕದ ತೋಟದವರು ಭಾಷಣ ಮಾಡಿದ್ದಕ್ಕೆ ಬೇಜಾರಾಗಬೇಡಿ. ಕ್ಯಾಮೆರಾ ಅಂದರೆ ಟಿವಿಯವರು, ಟಿವಿಯವರು ಅಂದರೆ ಬೆಂಬಲ ಬೆಲೆ ಬಗ್ಗೆ ಕೇಳುತ್ತಾರೆ ಅಂತ ಅವರಿಗೆ ಅಭ್ಯಾಸ. ಅವರು ನಿಮ್ಮೊಂದಿಗೆ ಮಾತಾಡುತ್ತಿರಲಿಲ್ಲ, ನಿಮ್ಮ ಹಿಂದೆ ಇದೆ ಅಂತ ಅವರು ಊಹಿಸಿಕೊಂಡ ಸರ್ಕಾರದೊಂದಿಗೆ ಮಾತಾಡುತ್ತಿದ್ದರು. ಹಾಗಾಗಿ ಮೊದಲ ಎರಡು ಸಲ ಬರಿಗೈಯಲ್ಲಿ ಹೋಗಿ. ಕಾಫಿ ಕುಡಿಯಿರಿ. ಮೂರನೇ ಸಲ ಕ್ಯಾಮೆರಾ ಒಯ್ದು ಪಕ್ಕದಲ್ಲಿ ಇಡಿ, ಮಕ್ಕಳು ಮುಟ್ಟಿ ನೋಡಲಿ. ಶೂಟ್ ಮಾಡುವಾಗ ಅವರ ಕೈಗೆ ಕೆಲಸ ಇರಲಿ.

ಗುಳೇದಗುಡ್ಡದಲ್ಲಿ ಖಣ (ರವಿಕೆ ಬಟ್ಟೆ) ನೇಯುವ ಹಿರಿಯರೊಬ್ಬರನ್ನು ಶೂಟ್ ಮಾಡುವಾಗ ಹೀಗೇ ಆಗಿತ್ತು. ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿದಾಗ ಕೈಮಗ್ಗದ ಹಿರಿಮೆ ಬಗ್ಗೆ ಚೆನ್ನಾಗಿಯೇ ಹೇಳಿದರು, ಆದರೆ ಯಾವ ಸಮಾರಂಭದಲ್ಲಿ ಬೇಕಾದರೂ ಹೇಳಬಹುದಾದ ಮಾತು ಅದು. ಸಂದರ್ಶನ ಮುಗಿಯಿತು ಅಂತ ಎದ್ದು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರು. ಕ್ಯಾಮೆರಾ ನಡೆಯುತ್ತಲೇ ಇತ್ತು, ಅದು ಅವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಎಳೆ ಕಡಿಯಿತು. ಬೆರಳ ತುದಿ ಒದ್ದೆ ಮಾಡಿಕೊಂಡು, ಎರಡೂ ತುದಿ ಹುಡುಕಿ, ಹೊಸೆದು ಗಂಟು ಹಾಕುತ್ತಾ, ಗಂಟು ಎದ್ದು ಕಂಡರೆ ಸಾವುಕಾರರು ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ ಅಂತ ತಮಗೆ ತಾವೇ ಅಂದುಕೊಳ್ಳುವ ಹಾಗೆ ಹೇಳಿದರು. ಆಮೇಲೆ ಇಪ್ಪತ್ತು ನಿಮಿಷ ಕೂಲಿ, ಮುಂಗಡ, ಸಾಲದ ಲೆಕ್ಕ ಬಂತು. ಚಿತ್ರದಲ್ಲಿ ಉಳಿದದ್ದು ಆ ಇಪ್ಪತ್ತು ನಿಮಿಷದ್ದೇ. ಬಳಸುವ ಮುಂಚೆ ಅದನ್ನು ಅವರಿಗೆ ತೋರಿಸಿದೆವು, ಏಕೆಂದರೆ ಸಾವುಕಾರರು ನೋಡಿದರೆ ಕೆಲಸ ಹೋಗುವುದು ಅವರದ್ದು. ಅವರು ಒಂದು ಹೆಸರು ತೆಗೆಸಿ, ಉಳಿದದ್ದು ಇರಲಿ ಅಂದರು.

ಒಪ್ಪಿಗೆ ಅಂದರೆ ಇದು. ಮೊದಲ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯುವುದಿಲ್ಲ. ಕಾಗದ ಕನ್ನಡದಲ್ಲಿರಲಿ, ಓದಿ ಹೇಳಿ. ಮಕ್ಕಳಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮಾತಾಡುತ್ತಾ ಯಾರಾದರೂ ಅತ್ತರೆ ಏನು ಮಾಡಬೇಕು ಅಂತ ಎಲ್ಲ ಹೊಸಬರೂ ಕೇಳುತ್ತಾರೆ. ನಾನು ಹತ್ತಿರ ಹೋಗುವುದಿಲ್ಲ, ಜೂಮ್ ಮಾಡುವುದಿಲ್ಲ. ಕೈ ಅಡ್ಡ ಹಿಡಿದರೆ, ಮುಖ ತಿರುಗಿಸಿದರೆ ಕ್ಯಾಮೆರಾ ಇಳಿಸುತ್ತೇನೆ. ನೀವು ಅದೇ ಊರಲ್ಲಿ ಬದುಕಬೇಕಾದವರು. ನಾಳೆ ಅವರ ಮನೆ ಮದುವೆಗೂ ನೀವೇ ಹೋಗಬೇಕು.

ಈಗ ದಾರಿಗಳು. ಸ್ಟುಡಿಯೋ ಮುಚ್ಚಿ ಪೂರ್ತಿ ಇದಕ್ಕೇ ಇಳಿಯುವುದು ಒಂದು. ಬೇಡ ಅನ್ನುತ್ತೇನೆ. ಈ ಚಿತ್ರ ನಡುವೆ ನಿಂತರೂ ನಿಲ್ಲಬಹುದು. ಸ್ವತಂತ್ರ ಚಿತ್ರಗಳಿಗೆ ದುಡ್ಡು ಕಂತಿನಲ್ಲಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. 1948ರಿಂದ ಡಾಕ್ಯುಮೆಂಟರಿ ಮಾಡಿಸುತ್ತಿದ್ದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ 2022ರಲ್ಲಿ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಒಳಗೆ ಸೇರಿಹೋಯಿತು. ತಿಂಗಳ ಸಂಬಳದ ಕ್ಯಾಮೆರಾ ಕೆಲಸಗಳು ಈಗ ವಿರಳ. ಪೂರ್ತಿ ಇಳಿಯುವ ಯೋಚನೆಯನ್ನು ಎರಡು ಮೂರು ಚಿತ್ರ ಆದ ಮೇಲೆ, ಬೇರೆಯವರು ತಾವಾಗಿ ಕರೆಯಲು ಶುರು ಮಾಡಿದ ಮೇಲೆ ಮಾಡಿ.

ಎರಡನ್ನೂ ಜೊತೆಗೆ ನಡೆಸುವುದು ನನಗೆ ಸರಿ ಕಾಣುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ನಿಮಗೆ ಹೇಗೂ ಮದುವೆ ಇರುವುದಿಲ್ಲ. ಆ ದಿನಗಳನ್ನು ನಿರ್ದೇಶಕಿಗೆ ಈಗಲೇ ಬರೆದುಕೊಡಿ. ಅಪಾಯ ಎಲ್ಲಿದೆ ಅಂದರೆ, ಡಾಕ್ಯುಮೆಂಟರಿ ಮುಹೂರ್ತ ನೋಡಿ ನಡೆಯುವುದಿಲ್ಲ. ಹರಾಜಿನಲ್ಲಿ ಬೆಲೆ ಬಿದ್ದ ದಿನವೇ ನೀವು ಅಲ್ಲಿರಬೇಕು, ಅದೇ ದಿನ ಅಡ್ವಾನ್ಸ್ ತಗೊಂಡ ಮದುವೆ ಇರಬಹುದು. ಅದಕ್ಕೆ ನಂಬಿಕಸ್ತ ಹುಡುಗನೊಬ್ಬನನ್ನು ತಯಾರು ಮಾಡಿ. ಇಬ್ಬರೂ ಎರಡೂ ಕಡೆಯ ಕೆಲಸ ತಿಳಿದಿರಲಿ. ಮದುವೆಯವರಿಗೂ ಮುಂಚೆಯೇ ಹೇಳಿಡಿ. ಅಪ್ಪನಿಗೆ ಹೇಳಬೇಕಾದದ್ದೂ ಇಷ್ಟೇ: ಅಂಗಡಿ ಇರುತ್ತದೆ, ಕೆಲವು ದಿನ ಬೇರೆಯವನು ಕೂರುತ್ತಾನೆ.

ಅನುಭವಿ ಛಾಯಾಗ್ರಾಹಕರ ಬಳಿ ಸಹಾಯಕನಾಗಿ ಹೋಗುವ ದಾರಿಯೂ ಇದೆ. ಕಲಿಕೆ ಚೆನ್ನಾಗಿರುತ್ತದೆ, ದುಡ್ಡು ಇನ್ನೂ ಕಡಿಮೆ, ಬೆಂಗಳೂರಲ್ಲಿ ಇರಬೇಕಾಗುತ್ತದೆ. ನಿಮ್ಮ ಪರಿಸ್ಥಿತಿಗೆ ಅದು ಹೊಂದುವುದಿಲ್ಲ ಅನಿಸುತ್ತದೆ.

ಒಪ್ಪುವ ಮುಂಚೆ ಕಾಗದ ಮಾಡಿಕೊಳ್ಳಿ. ಎರಡು ಪುಟ ಸಾಕು. ದಿನದ ದರ ಎಷ್ಟು, ದಿನ ಅಂದರೆ ಎಷ್ಟು ಗಂಟೆ, ಕ್ಯಾಮೆರಾ ನಿಮ್ಮದಾದರೆ ಅದರ ಬಾಡಿಗೆ ಬೇರೆ ಎಷ್ಟು, ಕೊನೇ ಗಳಿಗೆಯಲ್ಲಿ ಶೂಟ್ ರದ್ದಾದರೆ ಏನು ಕೊಡುತ್ತಾರೆ, ಕ್ಯಾಮೆರಾ ಬಿದ್ದರೆ ಯಾರು ಕಟ್ಟಿಕೊಡುತ್ತಾರೆ. ಚಿತ್ರ ಮಾರಾಟವಾದ ಮೇಲೆ ಕೊಡುತ್ತೇವೆ ಅನ್ನುವ ಮಾತಿಗೆ ಒಪ್ಪಬೇಡಿ. ಪ್ರತಿ ಸಲ ಶೂಟಿಂಗ್ ಮುಗಿದಾಗ ಅಷ್ಟರ ಲೆಕ್ಕ ಚುಕ್ತಾ ಆಗಲಿ. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾಕ್ಕೆ ಕರ್ತೃ ಅಂದರೆ ನಿರ್ಮಾಪಕರು. ನೀವು ತೆಗೆದ ಫುಟೇಜ್ ಮೇಲೆ ನಿಮಗೆ ತಾನಾಗಿ ಹಕ್ಕು ಬರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಹೆಸರು ಹೇಗೆ ಬರುತ್ತದೆ, ಮುಂದೆ ಕೆಲಸ ಕೇಳಲು ಕೆಲವು ತುಣುಕು ತೋರಿಸಬಹುದಾ ಅನ್ನುವುದನ್ನು ಬರೆಸಿಕೊಳ್ಳಿ.

ಡ್ರೋನ್ ಬಗ್ಗೆ ಎಚ್ಚರ. ಮದುವೆ ಛತ್ರದ ಮೇಲೆ ಹಾರಿಸಿದಾಗ ಯಾರೂ ಕೇಳಿರಲಿಕ್ಕಿಲ್ಲ. ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ದುಡ್ಡಿನ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಗುರುತಿಸಿದ ಕೆಂಪು, ಹಳದಿ, ಹಸಿರು ವಲಯ ಯಾವುದು ಅಂತ ಮೊದಲೇ ಮ್ಯಾಪ್ ನೋಡಿಕೊಳ್ಳಬೇಕು. ಡಾಕ್ಯುಮೆಂಟರಿಯನ್ನು ನಾಳೆ ಯಾರು ಬೇಕಾದರೂ ನೋಡುತ್ತಾರೆ, ಅನುಮತಿ ಇಲ್ಲದ ಶಾಟ್ ಚಿತ್ರಕ್ಕೇ ತೊಂದರೆ ತರುತ್ತದೆ. ಅಭಯಾರಣ್ಯಕ್ಕೆ ಅರಣ್ಯ ಇಲಾಖೆ, ಹಂಪಿಯಂಥ ಕಡೆ ಪುರಾತತ್ವ ಇಲಾಖೆ, ಎಪಿಎಂಸಿ ಒಳಗೆ ಅಲ್ಲಿನ ಕಾರ್ಯದರ್ಶಿ, ಹೀಗೆ ಲಿಖಿತ ಅನುಮತಿ ಇರಲಿ. ತರುವುದು ನಿರ್ಮಾಪಕರ ಕೆಲಸ, ಜೇಬಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವುದು ನಿಮ್ಮದು.

ಮೈ ಬಗ್ಗೆಯೂ ಒಂದು ಮಾತು. ಹಿಂದಕ್ಕೆ ನಡೆಯುತ್ತಾ ಶೂಟ್ ಮಾಡುವಾಗ ಒಬ್ಬರು ನಿಮ್ಮ ಸೊಂಟದ ಬೆಲ್ಟ್ ಹಿಡಿದಿರಲಿ. ಜಾತ್ರೆಯಲ್ಲಿ ತೇರಿನ ಎದುರು ಎಂದೂ ನಿಲ್ಲಬೇಡಿ, ಪಕ್ಕದಲ್ಲಿ ನಿಂತು, ತಪ್ಪಿಸಿಕೊಳ್ಳುವ ದಾರಿ ನೋಡಿಕೊಂಡೇ ಶೂಟ್ ಮಾಡಿ. ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಬರುತ್ತದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಹಳೇ ಟ್ಯೂಬ್‌ಲೈಟ್ ಇರುವ ಮಂಡಿ, ಕಚೇರಿಗಳಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಟ್ಟರೆ ಮಿನುಗು ಬರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್ ಇರುವುದರಿಂದ ಹಾಗೆ. ಎಲ್‌ಇಡಿ ಇದ್ದರೆ ಮೊದಲು ಒಂದು ನಿಮಿಷ ತೆಗೆದು ನೋಡಿಕೊಳ್ಳಿ.

ಈ ವಾರ ಒಂದು ಕೆಲಸ ಮಾಡಿ. ನಿರ್ದೇಶಕಿಗೆ ಹೂಂ ಅನ್ನುವ ಮುಂಚೆ, ಅದೇ ಪಕ್ಕದ ತೋಟದ ಅಟ್ಟಕ್ಕೆ ಹೋಗಿ, ಕಾಯಿ ಅಲ್ಲಾಡಿಸಿ ನೋಡುವುದನ್ನು ಹಾಡು, ಸ್ಲೋ ಮೋಷನ್ ಏನೂ ಇಲ್ಲದೆ ಮೂರು ನಿಮಿಷದ ತುಣುಕು ಮಾಡಿ ಅವರಿಗೆ ಕಳಿಸಿ. ಅವರು ಅದರ ಬಗ್ಗೆ ಏನು ಮಾತಾಡುತ್ತಾರೆ ಅನ್ನುವುದರಿಂದ ಅವರ ಜೊತೆ ಒಂದು ವರ್ಷ ಕೆಲಸ ಮಾಡಲು ಆಗುತ್ತದಾ ಅಂತ ನಿಮಗೂ ಗೊತ್ತಾಗುತ್ತದೆ.